ಓದು, ಬರಹ ಮತ್ತು ಒಂದೇ ಕೋಡ್: ನೆಟ್‌ವರ್ಕ್ ಫೈಲ್ ವ್ಯವಸ್ಥೆಯ ಒಳಗೆ ನಡೆದ ಮರುರಚನೆ

ದ್ವಿತೀಯ ಪಿಯುಸಿಯಲ್ಲಿ ಫೈಲ್ ಹ್ಯಾಂಡ್ಲಿಂಗ್ ಪಾಠ ಮುಗಿಯುವ ಹೊತ್ತಿಗೆ ತರಗತಿಯಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳುತ್ತಾರೆ: "ಸರ್, ಫೈಲ್ ನಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಸರ್ವರ್‌ನಲ್ಲಿದೆ. ಆದರೂ ಅದೇ ಓಪನ್, ಅದೇ ರೀಡ್, ಅದೇ ರೈಟ್ ಹೇಗೆ ಕೆಲಸ ಮಾಡುತ್ತೆ?" ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಪರೀಕ್ಷೆಗೂ ಬರುವುದಿಲ್ಲ. ಆದರೆ ಕಂಪ್ಯೂಟರ್ ವಿಜ್ಞಾನ ಓದುವವರು ಒಮ್ಮೆಯಾದರೂ ಇದರ ಒಳಗೆ ಇಣುಕಿ ನೋಡಬೇಕು. ಏಕೆಂದರೆ ಇದರಲ್ಲಿ ಎರಡು ಪಾಠಗಳಿವೆ. ಒಂದು, ನಾವು 'ಸೇವ್' ಒತ್ತಿದ ಮೇಲೆ ನಮ್ಮ ಅಕ್ಷರಗಳು ನಿಜವಾಗಿ ಎಲ್ಲಿ ಹೋಗುತ್ತವೆ ಎಂಬುದು. ಇನ್ನೊಂದು, ಬೇರೆ ಬೇರೆ ತಂಡಗಳು ಹತ್ತಾರು ವರ್ಷ ಬೇರೆ ಬೇರೆಯಾಗಿ ಬರೆದ ಒಂದೇ ಕೆಲಸದ ಕೋಡನ್ನು ಒಂದು ಕಡೆಗೆ ತರುವುದು ಹೇಗೆ ಎಂಬುದು. ಎರಡನೆಯದನ್ನು ಸಾಫ್ಟ್‌ವೇರ್ ಕ್ಷೇತ್ರದಲ್ಲಿ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಮರುರಚನೆ ಎನ್ನೋಣ.

ಮರುರಚನೆ ಎಂದರೆ ಹೊಸ ಸೌಲಭ್ಯ ಸೇರಿಸುವುದಲ್ಲ. ಹೊರಗಿನಿಂದ ನೋಡುವವರಿಗೆ ಪ್ರೋಗ್ರಾಂ ಮೊದಲಿನಂತೆಯೇ ನಡೆಯಬೇಕು, ಒಳಗಿನ ಜೋಡಣೆ ಮಾತ್ರ ಬದಲಾಗಬೇಕು. ಈ ಪದ 1992ರಲ್ಲಿ ವಿಲಿಯಂ ಆಪ್‌ಡೈಕ್ ಅವರ ಪಿಎಚ್‌ಡಿ ಪ್ರಬಂಧದಲ್ಲಿ ಬಳಕೆಯಾಯಿತು. 1999ರಲ್ಲಿ ಮಾರ್ಟಿನ್ ಫೌಲರ್ ಅವರ ಪುಸ್ತಕ ಬಂದ ಮೇಲೆ ಎಲ್ಲ ಪ್ರೋಗ್ರಾಮರ್‌ಗಳ ಬಾಯಲ್ಲೂ ಓಡಾಡತೊಡಗಿತು.

ನೆಟ್‌ವರ್ಕ್ ಫೈಲ್ ವ್ಯವಸ್ಥೆ ಎಂದರೇನು?

ಹಾರ್ಡ್ ಡಿಸ್ಕಿನಲ್ಲಿ ಇರುವುದು ಬರೀ ಸೊನ್ನೆ ಮತ್ತು ಒಂದುಗಳು. ಅವುಗಳಿಗೆ ಹೆಸರು, ಫೋಲ್ಡರ್, ಗಾತ್ರ, ಅನುಮತಿ ಎಂಬ ವ್ಯವಸ್ಥೆ ಕೊಡುವ ಸಾಫ್ಟ್‌ವೇರೇ ಫೈಲ್ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಂ. ಡಿಸ್ಕ್ ನಮ್ಮ ಕಂಪ್ಯೂಟರ್ ಒಳಗೇ ಇಲ್ಲದೆ ತಂತಿಯ ಆಚೆ ಬದಿಯ ಸರ್ವರ್‌ನಲ್ಲಿದ್ದರೆ, ಅದನ್ನು ನಮ್ಮದೇ ಫೋಲ್ಡರ್ ಎಂಬಂತೆ ತೋರಿಸುವುದು ನೆಟ್‌ವರ್ಕ್ ಫೈಲ್ ವ್ಯವಸ್ಥೆ.

ಇಂಥವು ಹಲವು ಇವೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ಅನ್ನು ತಂದಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಐಬಿಎಂ ನೆರವಿನಿಂದ ಎಎಫ್‌ಎಸ್ ಹುಟ್ಟಿತು. ಅದರಲ್ಲಿರುವ 'ಆಂಡ್ರೂ' ಎಂಬ ಹೆಸರು ಆ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಆಂಡ್ರೂ ಕಾರ್ನೆಗಿ ಮತ್ತು ಆಂಡ್ರೂ ಮೆಲನ್ ಇಬ್ಬರದೂ ಹೌದು. ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ನೀವು 'ಶೇರ್ಡ್ ಫೋಲ್ಡರ್' ತೆರೆದಾಗ ಹಿಂದೆ ಕೆಲಸ ಮಾಡುವುದು ಎಸ್‌ಎಂಬಿ. ಲಿನಕ್ಸ್‌ನಲ್ಲಿ ಅದರ ಕೋಡಿಗೆ ಸಿಐಎಫ್‌ಎಸ್ ಎಂಬ ಹಳೆಯ ಹೆಸರೇ ಉಳಿದಿದೆ. ಬೆಲ್ ಲ್ಯಾಬ್ಸ್‌ನ ಪ್ಲಾನ್ 9 ಎಂಬ ಸಂಶೋಧನಾ ವ್ಯವಸ್ಥೆಯಿಂದ ಬಂದದ್ದು 9ಪಿ. ಇಂದು ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್ ಓಡಿಸುವಾಗ ಎರಡರ ನಡುವೆ ಫೈಲ್ ಹಂಚಲು ಅದನ್ನು ಬಳಸುತ್ತಾರೆ. ಸೇಜ್ ವೈಲ್ ಅವರು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ಕಟ್ಟಿದ್ದು ಸೆಫ್. ಅದು 2010ರಲ್ಲಿ ಲಿನಕ್ಸ್ ಕರ್ನಲ್ ಸೇರಿತು.

ಈ ಐದಕ್ಕೂ ಸರ್ವರ್ ಜೊತೆ ಮಾತಾಡುವ ಭಾಷೆ ಬೇರೆ ಬೇರೆ. ಆದರೆ ನಮ್ಮ ಕಂಪ್ಯೂಟರ್‌ನ ಈಚೆ ಬದಿಯಲ್ಲಿ ಅವು ಮಾಡುವ ಕೆಲಸದ ಹೆಚ್ಚು ಪಾಲು ಒಂದೇ. ಈ ಲೇಖನದ ವಿಷಯ ಇರುವುದು ಇಲ್ಲೇ.

ಓದುವುದು ಅಂದುಕೊಂಡಷ್ಟು ಸರಳವಲ್ಲ

ನಿಮ್ಮ ಪ್ರೋಗ್ರಾಂ ಹತ್ತು ಅಕ್ಷರ ಕೇಳಿತು ಎಂದುಕೊಳ್ಳಿ. ಹತ್ತೇ ಅಕ್ಷರಕ್ಕಾಗಿ ಸರ್ವರ್‌ಗೆ ಹೋಗಿ ಬರುವುದು, ಒಂದು ಬೆಂಕಿಪೊಟ್ಟಣಕ್ಕಾಗಿ ತ್ಯಾವಣಿಗೆಯಿಂದ ದಾವಣಗೆರೆಗೆ ಬಸ್ ಹತ್ತಿದ ಹಾಗೆ. ಹಾಗಾಗಿ ಆಪರೇಟಿಂಗ್ ಸಿಸ್ಟಂ ಒಮ್ಮೆಗೇ ಒಂದು ದೊಡ್ಡ ತುಂಡು ತರುತ್ತದೆ. ನೀವು ಫೈಲನ್ನು ಸಾಲಾಗಿ ಓದುತ್ತಿದ್ದೀರಿ ಎಂದು ಗೊತ್ತಾದರೆ ಮುಂದಿನ ತುಂಡನ್ನೂ ಕೇಳುವ ಮೊದಲೇ ತಂದಿಡುತ್ತದೆ. ಇದನ್ನು ರೀಡ್ ಅಹೆಡ್ ಎನ್ನುತ್ತಾರೆ.

ತಂದದ್ದನ್ನು ಇಡುವ ಜಾಗಕ್ಕೆ ಪೇಜ್ ಕ್ಯಾಶ್ ಎಂದು ಹೆಸರು. ಈ ಕ್ಯಾಶ್‌ಗೂ ಜೇಬಿನ ಹಣಕ್ಕೂ ಸಂಬಂಧವಿಲ್ಲ. ಇದು ಬಳಕೆಗೆ ಕೈಗೆಟಕುವಂತೆ ಎತ್ತಿಟ್ಟ ದಾಸ್ತಾನು. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಒಂದು ಪೇಜ್ ಎಂದರೆ 4096 ಬೈಟ್, ಅಂದರೆ 4 ಕೆಬಿ ಮೆಮೊರಿ. ಇದರ ಜೊತೆಗೆ ನಮ್ಮ ಸ್ವಂತ ಡಿಸ್ಕಿನಲ್ಲೂ ಸರ್ವರ್ ಫೈಲಿನ ಪ್ರತಿಯನ್ನು ಇಟ್ಟುಕೊಳ್ಳುವ ಏರ್ಪಾಡು ಲಿನಕ್ಸ್‌ನಲ್ಲಿದೆ. ಅದಕ್ಕೆ ಎಫ್‌ಎಸ್-ಕ್ಯಾಶ್ ಎಂದು ಹೆಸರು, 2009ರಿಂದ ಇದೆ. ನೆಟ್‌ವರ್ಕ್ ನಿಧಾನವಿರುವಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳನ್ನು ಸುಲಭವಾಗಲೆಂದು ನಾನೇ ಆರಿಸಿದ್ದೇನೆ. ಫೈಲಿನ ಗಾತ್ರ 506 ಕೆಬಿ. ಕ್ಯಾಶ್‌ನ ಅಳತೆಗೆ ಹೊಂದುವಂತೆ ಓದುವ ವಿನಂತಿಯನ್ನು 512 ಕೆಬಿಗೆ ಹಿಗ್ಗಿಸಲಾಗಿದೆ. ಅಂದರೆ 128 ಪೇಜ್. ಮೊದಲ 256 ಕೆಬಿ ನಮ್ಮ ಡಿಸ್ಕಿನ ಕ್ಯಾಶ್‌ನಲ್ಲಿ ಆಗಲೇ ಇದೆ. ಸರ್ವರ್ ಒಂದು ಸಲಕ್ಕೆ 64 ಕೆಬಿಗಿಂತ ಹೆಚ್ಚು ಕೊಡುವುದಿಲ್ಲ. ಆಗ ಕೆಲಸ ಹೀಗೆ ಹಂಚಿಹೋಗುತ್ತದೆ:

1. 0ಯಿಂದ 256 ಕೆಬಿ: ಸ್ವಂತ ಡಿಸ್ಕಿನ ಕ್ಯಾಶ್‌ನಿಂದ. ಒಂದು ತುಂಡು.
2. 256ರಿಂದ 506 ಕೆಬಿ: ಸರ್ವರ್‌ನಿಂದ. 64, 64, 64 ಮತ್ತು 58 ಕೆಬಿಯ ನಾಲ್ಕು ತುಂಡು.
3. 506ರಿಂದ 512 ಕೆಬಿ: ಅಲ್ಲಿ ಫೈಲೇ ಇಲ್ಲ. ಯಾರನ್ನೂ ಕೇಳದೆ ಸೊನ್ನೆ ತುಂಬಿಸಿದರೆ ಸಾಕು. ಒಂದು ತುಂಡು.

ಒಟ್ಟು ಆರು ತುಂಡು. ಇವು ಒಂದೇ ಕ್ರಮದಲ್ಲಿ ವಾಪಸ್ ಬರಬೇಕೆಂದಿಲ್ಲ. ಮೂರನೆಯದು ಮೊದಲು ಬರಬಹುದು. ಸರ್ವರ್ 64 ಕೇಳಿದರೆ 40 ಮಾತ್ರ ಕೊಡಬಹುದು, ಆಗ ಉಳಿದ 24ನ್ನು ಮತ್ತೆ ಕೇಳಬೇಕು. ಡಿಸ್ಕಿನ ಕ್ಯಾಶ್ ಕೆಟ್ಟಿದ್ದರೆ ಆ 256 ಕೆಬಿಯನ್ನೂ ಸರ್ವರ್‌ನಿಂದಲೇ ತರಿಸಬೇಕು. ಎಲ್ಲವೂ ಬಂದು ಸೇರಿದ ಮೇಲೆ, ಯಾವ ಪೇಜ್ ಪೂರ್ತಿಯಾಯಿತೋ ಅದರ ಬೀಗ ತೆಗೆದು ನಿಮ್ಮ ಪ್ರೋಗ್ರಾಂಗೆ 'ತಗೋ' ಎನ್ನಬೇಕು. ಸರ್ವರ್‌ನಿಂದ ಹೊಸದಾಗಿ ಬಂದದ್ದನ್ನು ಮುಂದಿನ ಸಲಕ್ಕೆ ಡಿಸ್ಕಿನ ಕ್ಯಾಶ್‌ಗೂ ಬರೆದಿಡಬೇಕು.

ಈ ಪಟ್ಟಿಯಲ್ಲಿ ಎಸ್‌ಎಂಬಿಗೆ ಮಾತ್ರ ಸಂಬಂಧಿಸಿದ್ದು, ಸೆಫ್‌ಗೆ ಮಾತ್ರ ಸಂಬಂಧಿಸಿದ್ದು ಎಷ್ಟಿದೆ ನೋಡಿ. ಸರ್ವರ್‌ಗೆ 'ಇಷ್ಟು ಕೊಡು' ಎಂದು ಕೇಳುವ ಮಾತು ಮಾತ್ರ. ಉಳಿದದ್ದೆಲ್ಲ ಎಲ್ಲರಿಗೂ ಒಂದೇ.

ಬರೆಯುವುದು ಇನ್ನೂ ಕಷ್ಟ

ಓದುವಾಗ ತಪ್ಪಾದರೆ ಮತ್ತೊಮ್ಮೆ ಓದಬಹುದು. ಬರೆಯುವಾಗ ತಪ್ಪಾದರೆ ಇದ್ದದ್ದೂ ಹೋಗಬಹುದು.

ನಮ್ಮ ಕಡೆ ಅಡಿಕೆ ಬೆಳೆಗಾರರು ಒಂದೊಂದು ಚೀಲ ತುಂಬಿದ ಕೂಡಲೇ ಚನ್ನಗಿರಿಗೆ ಹೊರಡುವುದಿಲ್ಲ. ಮನೆಯಲ್ಲಿ ಚೀಲಗಳನ್ನು ಕೂಡಿಟ್ಟು, ಒಂದು ಗಾಡಿ ಲೋಡ್ ಆದ ಮೇಲೆ ಸಾಗಿಸುತ್ತಾರೆ. ಬಾಡಿಗೆ ಉಳಿಯುತ್ತದೆ, ದಾರಿ ಖರ್ಚು ಒಂದೇ ಸಲ. ಕಂಪ್ಯೂಟರ್ ಕೂಡ ಹಾಗೆಯೇ. ನೀವು ಬರೆದದ್ದನ್ನು ಮೊದಲು ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಂಡು 'ಆಯಿತು' ಎನ್ನುತ್ತದೆ. ಬರೆದು ಇನ್ನೂ ಸಾಗಿಸದ ಆ ಪೇಜನ್ನು ಡರ್ಟಿ ಪೇಜ್ ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅಂಥವನ್ನೆಲ್ಲ ಒಟ್ಟು ಮಾಡಿ ಸರ್ವರ್‌ಗೆ ಕಳಿಸುತ್ತದೆ. ಇದಕ್ಕೆ ರೈಟ್ ಬ್ಯಾಕ್ ಎಂದು ಹೆಸರು. ಇದರ ಅಪಾಯವೂ ಅಡಿಕೆಯ ಅಪಾಯವೇ. ಗಾಡಿ ಹೊರಡುವ ಮೊದಲು ಮನೆಯಲ್ಲಿ ಏನಾದರೂ ಅನಾಹುತವಾದರೆ, ಮಂಡಿಯವರ ಲೆಕ್ಕದಲ್ಲಿ ಆ ಚೀಲಗಳು ಬಂದೇ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನು ಬೇರೊಂದು ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇದು ಕಣ್ಣೆದುರೇ ನಡೆಯಿತು. ವಿದ್ಯಾರ್ಥಿಗಳ ಪ್ರಾಜೆಕ್ಟ್ ಫೈಲುಗಳೆಲ್ಲ ಲ್ಯಾಬ್‌ನ ಒಂದು ಸರ್ವರ್ ಫೋಲ್ಡರ್‌ನಲ್ಲಿದ್ದವು. ಪ್ರಾಕ್ಟಿಕಲ್ ಪರೀಕ್ಷೆಗೆ ಎರಡು ದಿನವಿತ್ತು. ಒಬ್ಬ ವಿದ್ಯಾರ್ಥಿನಿ ಸಂಜೆ ಕೆಲಸ ಮುಗಿಸಿ ಸೇವ್ ಮಾಡಿದಳು. ಪರದೆ ಮೇಲೆ ಸೇವ್ ಆಯಿತು ಎಂದೇ ಬಂತು. ಕೆಲವೇ ಸೆಕೆಂಡಿನಲ್ಲಿ ಕರೆಂಟ್ ಹೋಯಿತು. ಮರುದಿನ ಫೋಲ್ಡರ್‌ನಲ್ಲಿ ಫೈಲಿನ ಹೆಸರಿತ್ತು, ಗಾತ್ರ ಸೊನ್ನೆ. ಹಳೆಯ ಪ್ರಿಂಟ್ ಒಂದು ಇದ್ದುದರಿಂದ ಅವಳು ರಾತ್ರಿಯೆಲ್ಲ ಕೂತು ಮತ್ತೆ ಟೈಪ್ ಮಾಡಿದಳು. ಪರೀಕ್ಷೆಗೆ ಹಾಜರಾದಳು. ಆ ಎರಡು ದಿನ ಅವಳ ಮನೆಯವರು ಪಟ್ಟ ಆತಂಕ ನನಗೆ ಇನ್ನೂ ನೆನಪಿದೆ. "ಸೇವ್ ಆಯಿತು ಅಂತ ಅದೇ ಹೇಳಿತಲ್ಲ ಸರ್, ಮತ್ತೆ ಹೋಗಿದ್ದು ಹೇಗೆ?" ಎಂದು ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. 'ಆಯಿತು' ಎಂಬ ಮಾತಿಗೆ ಇಲ್ಲಿ ಎರಡು ಅರ್ಥವಿದೆ. ಮೆಮೊರಿಗೆ ಬಂತು ಎಂಬುದು ಒಂದು, ಡಿಸ್ಕಿಗೆ ಮುಟ್ಟಿತು ಎಂಬುದು ಇನ್ನೊಂದು. ಎರಡರ ನಡುವಿನ ಆ ಕೆಲವು ಸೆಕೆಂಡುಗಳನ್ನು ನೋಡಿಕೊಳ್ಳುವುದೇ ಈ ಕೋಡಿನ ಹೊಣೆ.

ಇನ್ನೊಂದು ಸೂಕ್ಷ್ಮ ಇದೆ. ನೀವು ಒಂದು ಪೇಜಿನ ನಡುವೆ 10 ಬೈಟ್ ಮಾತ್ರ ಬದಲಿಸಿದಿರಿ. ಆ ಪೇಜ್ ಇನ್ನೂ ಮೆಮೊರಿಗೆ ಬಂದಿಲ್ಲ. ಉಳಿದ 4086 ಬೈಟಿನಲ್ಲಿ ಏನಿದೆ ಎಂದು ಕಂಪ್ಯೂಟರ್‌ಗೆ ಗೊತ್ತಿಲ್ಲ. ಮೊದಲು ಪೂರ್ತಿ ಪೇಜನ್ನು ಸರ್ವರ್‌ನಿಂದ ತರಿಸಿ ಆಮೇಲೆ ತಿದ್ದುವುದು ಒಂದು ದಾರಿ. ಇದು ಸುರಕ್ಷಿತ, ಆದರೆ ನಿಧಾನ. 'ಈ ಪೇಜಿನಲ್ಲಿ ಇಲ್ಲಿಂದ ಇಲ್ಲಿಯವರೆಗೆ ಮಾತ್ರ ನನ್ನದು' ಎಂದು ಗುರುತು ಇಟ್ಟುಕೊಂಡು ಅಷ್ಟನ್ನೇ ಕಳಿಸುವುದು ಇನ್ನೊಂದು ದಾರಿ. ಇದು ವೇಗವಾದುದು, ಆದರೆ ಗುರುತು ತಪ್ಪಿದರೆ ಪಕ್ಕದ ಬೈಟುಗಳು ಕೆಡುತ್ತವೆ. ಯಾವಾಗ ಯಾವ ದಾರಿ ಹಿಡಿಯಬೇಕು ಎಂಬ ತೀರ್ಮಾನವನ್ನು ಪ್ರತಿಯೊಂದು ಫೈಲ್ ವ್ಯವಸ್ಥೆಯೂ ತನ್ನದೇ ಕೋಡಿನಲ್ಲಿ ಬರೆದುಕೊಂಡಿತ್ತು.

ಒಂದೇ ಕೆಲಸ, ಐದು ಕಡೆ

ಭದ್ರಾ ನಾಲೆಯ ನೀರು ನಮ್ಮ ಗದ್ದೆಗಳಿಗೆ ಬರುತ್ತದೆ. ಪ್ರತಿಯೊಬ್ಬ ರೈತನೂ ಲಕ್ಕವಳ್ಳಿಯ ಅಣೆಕಟ್ಟಿನಿಂದ ತನ್ನ ಗದ್ದೆಯವರೆಗೆ ಸ್ವಂತ ನಾಲೆ ತೋಡಿಕೊಂಡಿದ್ದರೆ ಹೇಗಿರುತ್ತಿತ್ತು? ಒಂದೊಂದು ನಾಲೆಯೂ ಬೇರೆ ಬೇರೆ ಕಡೆ ಸೋರುತ್ತಿತ್ತು. ಒಬ್ಬನು ಸೋರಿಕೆ ಮುಚ್ಚುವ ಒಳ್ಳೆಯ ಉಪಾಯ ಕಂಡುಹಿಡಿದರೂ ಪಕ್ಕದವನ ನಾಲೆ ಸೋರುತ್ತಲೇ ಇರುತ್ತಿತ್ತು. ಅದಕ್ಕೇ ಮುಖ್ಯ ನಾಲೆ ಒಂದು. ಅದರಿಂದ ಉಪನಾಲೆ, ತೂಬು, ಹೊಲಗಾಲುವೆ. ನೀರಿನ ಸರದಿ ನೋಡಿಕೊಳ್ಳಲು ನೀರಗಂಟಿ. ತನ್ನ ಗದ್ದೆಗೆ ಎಲ್ಲಿ ಬದು ಕಡಿಯಬೇಕು, ಎಲ್ಲಿ ಕಟ್ಟಬೇಕು ಎಂಬುದು ಮಾತ್ರ ರೈತನ ಕೆಲಸ.

ಲಿನಕ್ಸ್ ಕರ್ನಲ್‌ನ ಒಳಗೆ ಬಹುಕಾಲ ಮೊದಲನೆಯ ಸ್ಥಿತಿಯೇ ಇತ್ತು. ಎಎಫ್‌ಎಸ್, ಸೆಫ್, ಸಿಐಎಫ್‌ಎಸ್, 9ಪಿ, ಎನ್‌ಎಫ್‌ಎಸ್ ಐದೂ ಪೇಜ್ ಕ್ಯಾಶ್ ತುಂಬುವ, ತುಂಡು ಮಾಡುವ, ಮತ್ತೆ ಕೇಳುವ, ಡಿಸ್ಕ್ ಕ್ಯಾಶ್‌ಗೆ ಬರೆಯುವ ಕೋಡನ್ನು ತಂತಮ್ಮಲ್ಲೇ ಇಟ್ಟುಕೊಂಡಿದ್ದವು. ಒಂದರಲ್ಲಿ ಸಿಕ್ಕ ದೋಷ ಇನ್ನೊಂದರಲ್ಲಿಯೂ ಇರಬಹುದು, ಆದರೆ ಅಲ್ಲಿ ಹುಡುಕಿದವರಿಲ್ಲ.

ಇದರ ತೊಂದರೆ ಎದ್ದು ಕಂಡದ್ದು ಮೆಮೊರಿ ವಿಭಾಗದಲ್ಲಿ ಬದಲಾವಣೆ ಬಂದಾಗ. 4 ಕೆಬಿಯ ಪೇಜುಗಳನ್ನು ಒಂದೊಂದಾಗಿ ನೋಡಿಕೊಳ್ಳುವುದು ಇಂದಿನ ದೊಡ್ಡ ಮೆಮೊರಿಗೆ ಹೊಂದುವುದಿಲ್ಲ ಎಂದು ಮ್ಯಾಥ್ಯೂ ವಿಲ್‌ಕಾಕ್ಸ್ ಅವರು ಹಲವು ಪೇಜುಗಳನ್ನು ಒಂದು ಕಟ್ಟಾಗಿ ನೋಡುವ ಫೋಲಿಯೋ ಎಂಬ ಏರ್ಪಾಡನ್ನು ತಂದರು. 2022ರ ಜನವರಿಯಲ್ಲಿ ಬಂದ 5.16ನೇ ಆವೃತ್ತಿಯಲ್ಲಿ ಅದು ಸೇರಿತು. ಆಗ ಪೇಜನ್ನು ಮುಟ್ಟುವ ಪ್ರತಿಯೊಂದು ಫೈಲ್ ವ್ಯವಸ್ಥೆಯೂ ತನ್ನ ಕೋಡನ್ನು ತಿದ್ದಬೇಕಾದ ಪರಿಸ್ಥಿತಿ ಬಂತು. ಮನೆಯ ಅಡಿಪಾಯ ಬದಲಾದರೆ ಪ್ರತಿ ಕೋಣೆಯ ಗೋಡೆಯನ್ನೂ ಒಡೆಯಬೇಕು ಎಂಬಂತಾಯಿತು.

ನೆಟ್‌ಎಫ್‌ಎಸ್ ಲೈಬ್ರರಿ

ರೆಡ್ ಹ್ಯಾಟ್ ಕಂಪನಿಯ ಡೇವಿಡ್ ಹೋವೆಲ್ಸ್ ಅವರು ಎಫ್‌ಎಸ್-ಕ್ಯಾಶ್ ಬರೆದವರು, ಲಿನಕ್ಸ್ ಕರ್ನಲ್‌ನ ಎಎಫ್‌ಎಸ್ ಕೋಡೂ ಅವರದೇ. ಈ ಐದೂ ಕಡೆಯ ಸಮಾನ ಭಾಗವನ್ನು ಹೊರತೆಗೆದು ನೆಟ್‌ಎಫ್‌ಎಸ್ ಎಂಬ ಒಂದು ಲೈಬ್ರರಿಯಲ್ಲಿ ಇಡುವ ಕೆಲಸಕ್ಕೆ ಅವರು ಕೈಹಾಕಿದರು. 2021ರ ಜೂನ್‌ನಲ್ಲಿ ಬಿಡುಗಡೆಯಾದ 5.13ನೇ ಕರ್ನಲ್‌ನಲ್ಲಿ ಅದು ಮೊದಲು ಕಾಣಿಸಿಕೊಂಡಿತು.

ಅವರು ಹೋದ ಕ್ರಮವನ್ನು ಗಮನಿಸಿ. ಮೊದಲಿಗೆ ಓದುವ ಭಾಗ ಮಾತ್ರ, ಅದೂ ಎಎಫ್‌ಎಸ್ ಮತ್ತು ಸೆಫ್ ಎರಡಕ್ಕೆ. ಅದು ನಿಂತ ಮೇಲೆ 9ಪಿ ಸೇರಿತು. ಬರೆಯುವ ಭಾಗ ಬಂದದ್ದು 2024ರ ಮಾರ್ಚ್‌ನ 6.8ನೇ ಆವೃತ್ತಿಯಲ್ಲಿ. ಸಿಐಎಫ್‌ಎಸ್ ಇದಕ್ಕೆ ಬದಲಾದದ್ದು ಅದೇ ವರ್ಷ ಜುಲೈನ 6.10ರಲ್ಲಿ. ಅಂದರೆ ಮೂರು ವರ್ಷ. ಕಡಿಮೆ ಅಪಾಯದ ಓದು ಮೊದಲು, ಹೆಚ್ಚು ಅಪಾಯದ ಬರಹ ಆಮೇಲೆ.

ಈ ಲೈಬ್ರರಿಯಲ್ಲಿ ಕೆಲಸ ಹಂಚಿರುವುದು ಹೀಗೆ. ಪ್ರೋಗ್ರಾಂನಿಂದ ಬಂದ ಒಂದು ಓದುವ ಅಥವಾ ಬರೆಯುವ ಕೆಲಸಕ್ಕೆ ಒಂದು 'ವಿನಂತಿ' ಹುಟ್ಟುತ್ತದೆ. ಲೈಬ್ರರಿ ಅದನ್ನು 'ಉಪವಿನಂತಿ'ಗಳಾಗಿ ಒಡೆಯುತ್ತದೆ, ಮೇಲೆ ಲೆಕ್ಕ ಮಾಡಿದ ಆರು ತುಂಡುಗಳಂತೆ. ಪ್ರತಿ ತುಂಡಿನ ಮೇಲೂ ಅದು ಎಲ್ಲಿಂದ ಬರಬೇಕು ಎಂದು ಬರೆದಿರುತ್ತದೆ: ಸರ್ವರ್, ಡಿಸ್ಕಿನ ಕ್ಯಾಶ್, ಅಥವಾ ಸೊನ್ನೆ ತುಂಬು. ಬರೆಯುವಾಗ ಎರಡು ಸಾಲುಗಳು ಅಕ್ಕಪಕ್ಕ ಸಾಗುತ್ತವೆ, ಒಂದು ಸರ್ವರ್‌ಗೆ, ಒಂದು ಡಿಸ್ಕಿನ ಕ್ಯಾಶ್‌ಗೆ. ಆಯಾ ಫೈಲ್ ವ್ಯವಸ್ಥೆ ಮಾಡಬೇಕಾದ್ದು ಕೆಲವೇ ಫಂಕ್ಷನ್‌ಗಳನ್ನು ಒದಗಿಸುವುದು: 'ಒಂದು ಸಲಕ್ಕೆ ಎಷ್ಟು ಕೇಳಬಹುದು ಹೇಳು', 'ಈ ತುಂಡನ್ನು ಓದಲು ಕಳಿಸು', 'ಈ ತುಂಡನ್ನು ಬರೆಯಲು ಕಳಿಸು'.

'ಎಷ್ಟು ಕೇಳಬಹುದು' ಎಂಬ ಒಂದು ಪ್ರಶ್ನೆಗೇ ಉತ್ತರ ಎಷ್ಟು ಬೇರೆ ನೋಡಿ. ಎಸ್‌ಎಂಬಿಯಲ್ಲಿ ಸರ್ವರ್ ನಮಗೆ ಕ್ರೆಡಿಟ್ ಎಂಬ ಟೋಕನ್‌ಗಳನ್ನು ಕೊಡುತ್ತದೆ, ಒಂದು ಕ್ರೆಡಿಟ್‌ಗೆ 64 ಕೆಬಿ ಎಂಬ ಲೆಕ್ಕ. ಟೋಕನ್ ಮುಗಿದರೆ ಕಾಯಬೇಕು. ಸೆಫ್‌ನಲ್ಲಿ ಫೈಲು ಸಾಮಾನ್ಯವಾಗಿ 4 ಎಂಬಿಯ ತುಂಡುಗಳಾಗಿ ಬೇರೆ ಬೇರೆ ಡಿಸ್ಕುಗಳಲ್ಲಿ ಹಂಚಿಹೋಗಿರುತ್ತದೆ, ಆ ಗಡಿಯನ್ನು ದಾಟುವಂತೆ ಕೇಳಬಾರದು. ಈ ವ್ಯತ್ಯಾಸಗಳು ನಿಜವಾದವು. ಅವನ್ನು ಅಳಿಸುವುದು ಮರುರಚನೆಯಲ್ಲ. ವ್ಯತ್ಯಾಸವನ್ನು ಅದರ ಜಾಗದಲ್ಲಿ ಇಟ್ಟು, ಸಮಾನವಾದದ್ದನ್ನು ಮಾತ್ರ ಹೊರತೆಗೆಯುವುದು ಮರುರಚನೆ. ಎನ್‌ಎಫ್‌ಎಸ್ ಇದಕ್ಕೆ ಒಳ್ಳೆಯ ಉದಾಹರಣೆ. ಡಿಸ್ಕಿನ ಕ್ಯಾಶ್ ಜೊತೆ ಓದುವ ಭಾಗಕ್ಕೆ ಮಾತ್ರ ಅದು 2023ರ 6.4ನೇ ಆವೃತ್ತಿಯಿಂದ ಈ ಲೈಬ್ರರಿಯನ್ನು ಬಳಸುತ್ತದೆ. ಬರೆಯುವ ಕೋಡನ್ನು ತನ್ನದೇ ಹಳೆಯ ರೀತಿಯಲ್ಲಿ ಇಟ್ಟುಕೊಂಡಿದೆ.

ಎಲ್ಲಕ್ಕಿಂತ ದೊಡ್ಡ ಲಾಭ ಇದು: ಪೇಜ್, ಫೋಲಿಯೋ ಎಂಬುದನ್ನು ಮುಟ್ಟುವ ಕೋಡು ಈಗ ಲೈಬ್ರರಿಯಲ್ಲಿದೆ. ಮುಂದೆ ಮೆಮೊರಿ ವಿಭಾಗ ಮತ್ತೆ ಬದಲಾದರೆ ತಿದ್ದಬೇಕಾದ್ದು ಒಂದು ಕಡೆ.

ಬೆಂಗಳೂರಿನ ಗ್ಲಸ್ಟರ್

ಇದೆಲ್ಲ ದೂರದ ದೇಶದವರ ಕೆಲಸ ಎಂದುಕೊಳ್ಳಬೇಡಿ. ಇದೇ ಸಮಸ್ಯೆಗೆ ಬೇರೊಂದು ರೀತಿಯ ಉತ್ತರ ನಮ್ಮ ಬೆಂಗಳೂರಿನಲ್ಲೇ ಬರೆಯಲ್ಪಟ್ಟಿದೆ. 2005ರಲ್ಲಿ ಆರಂಭವಾದ ಗ್ಲಸ್ಟರ್ ಎಂಬ ಕಂಪನಿಯ ಸ್ಥಾಪಕರಲ್ಲಿ ಆನಂದ್ ಬಾಬು ಪೆರಿಯಸಾಮಿ ಒಬ್ಬರು. ಅದರ ಎಂಜಿನಿಯರ್‌ಗಳ ದೊಡ್ಡ ತಂಡ ಇದ್ದದ್ದು ಬೆಂಗಳೂರಿನಲ್ಲಿ. ಅವರು ಕಟ್ಟಿದ ಗ್ಲಸ್ಟರ್‌ಎಫ್‌ಎಸ್ ಹಲವು ಸಾಧಾರಣ ಕಂಪ್ಯೂಟರ್‌ಗಳ ಡಿಸ್ಕುಗಳನ್ನು ಸೇರಿಸಿ ಒಂದೇ ದೊಡ್ಡ ಫೋಲ್ಡರ್ ಎಂಬಂತೆ ತೋರಿಸುತ್ತದೆ. 2011ರಲ್ಲಿ ರೆಡ್ ಹ್ಯಾಟ್ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಈ ಕಂಪನಿಯನ್ನು ಕೊಂಡಿತು.

ಗ್ಲಸ್ಟರ್‌ನಲ್ಲಿ ಎಲ್ಲವೂ ಪದರ ಪದರ. ಒಂದೊಂದು ಪದರಕ್ಕೆ ಟ್ರಾನ್ಸ್‌ಲೇಟರ್ ಎಂದು ಹೆಸರು. ಮುಂದಿನ ತುಂಡನ್ನು ಮೊದಲೇ ತರುವುದು ಒಂದು ಪದರ. ಬರಹವನ್ನು ಕೂಡಿಟ್ಟು ಆಮೇಲೆ ಕಳಿಸುವುದು ಇನ್ನೊಂದು. ಕ್ಯಾಶ್ ಮತ್ತೊಂದು. ಫೈಲನ್ನು ಎರಡು ಮೂರು ಕಡೆ ಪ್ರತಿ ಮಾಡುವುದು, ಹಲವು ಸರ್ವರ್‌ಗಳಿಗೆ ಹಂಚುವುದು ಕೂಡ ಪ್ರತ್ಯೇಕ ಪದರಗಳೇ. ಕೆಳಗಿನ ಪದರ ಪ್ರತಿ ಮಾಡುವುದೋ ಹಂಚುವುದೋ ಎಂದು ಮೇಲಿನ ಪದರ ತಲೆಕೆಡಿಸಿಕೊಳ್ಳುವುದಿಲ್ಲ. ಅನುಮಾನ ಬಂದರೆ ಒಂದು ಪದರವನ್ನು ಆರಿಸಿ ನೋಡಬಹುದು. ಬರಹ ಕೂಡಿಡುವ ಪದರವನ್ನು ಆರಿಸಿದಾಗ ದೋಷ ಮಾಯವಾದರೆ, ಹುಡುಕಬೇಕಾದ ಜಾಗ ಗೊತ್ತಾದಂತೆ. ಹಂಚಿಕೊಂಡ ಕೋಡನ್ನು ಬೇರೆ ಮಾಡಿ ಇಡುವುದರ ಪ್ರಯೋಜನ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಕೆಲಸದಲ್ಲಿದ್ದ ಎಂಜಿನಿಯರ್‌ಗಳಲ್ಲಿ ಒಬ್ಬರು ಅರವಿಂದ ವಿ.ಕೆ. 'ಗುಬ್ಬಿ' ಮತ್ತು 'ನವಿಲು' ಎಂಬ ಮುಕ್ತ ಕನ್ನಡ ಫಾಂಟ್‌ಗಳನ್ನು ಮಾಡಿದವರೂ ಅವರೇ. ಗ್ಲಸ್ಟರ್ ಅನುಭವದ ಮೇಲೆ ಮುಂದೆ ಅವರು ಮತ್ತು ಗೆಳೆಯರು ಕಟ್ಟಿದ ಸ್ಟೋರೇಜ್ ಯೋಜನೆಯ ಹೆಸರು 'ಕಡಲು'. ಜಗತ್ತಿನ ಪ್ರೋಗ್ರಾಮರ್‌ಗಳು ಬಳಸುವ ಸಾಫ್ಟ್‌ವೇರ್‌ಗೆ ಒಂದು ಕನ್ನಡ ಪದ ಹೆಸರಾಗಿದೆ ಎಂಬುದು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

ಒಂದೇ ನಾಲೆಯ ಅಪಾಯ

ಮರುರಚನೆಯನ್ನು ಹೊಗಳಿ ಮುಗಿಸಿದರೆ ಅರ್ಧ ಸತ್ಯವಾಗುತ್ತದೆ. ಮುಖ್ಯ ನಾಲೆ ಒಡೆದರೆ ಒಬ್ಬನ ಗದ್ದೆಯಲ್ಲ, ಇಡೀ ಅಚ್ಚುಕಟ್ಟು ಒಣಗುತ್ತದೆ. ಹಂಚಿಕೊಂಡ ಕೋಡಿನಲ್ಲಿ ತಪ್ಪಾದರೆ ಅದನ್ನು ಬಳಸುವ ಎಲ್ಲರಿಗೂ ಪೆಟ್ಟು. ಸಿಐಎಫ್‌ಎಸ್ ಹೊಸ ಲೈಬ್ರರಿಗೆ ಬದಲಾದ ನಂತರದ ಆವೃತ್ತಿಗಳಲ್ಲಿ ಎಸ್‌ಎಂಬಿ ಮತ್ತು 9ಪಿ ಬಳಸುವವರಿಗೆ ಮೊದಲು ಇಲ್ಲದಿದ್ದ ತೊಂದರೆಗಳು ಕಂಡುಬಂದವು. ಅರ್ಧ ಬಂದ ಓದನ್ನು ಮತ್ತೆ ಕೇಳುವಾಗ ಕ್ರೆಡಿಟ್ ಲೆಕ್ಕ ತಪ್ಪುವಂಥ ದೋಷಗಳು ಅವುಗಳಲ್ಲಿದ್ದವು. ಒಂದರ ಹಿಂದೆ ಒಂದು ತಿದ್ದುಪಡಿ ಬಂತು.

ಹಾಗಾದರೆ ಹಳೆಯದೇ ಒಳ್ಳೆಯದಿತ್ತೇ? ನನ್ನ ಉತ್ತರ ಇಲ್ಲ. ಹಳೆಯ ಕೋಡಿನಲ್ಲಿ ವರ್ಷಗಟ್ಟಲೆ ಬಳಕೆಯಿಂದ ಬಂದ ಬುದ್ಧಿ ಇರುತ್ತದೆ. ಯಾವುದೋ ಒಂದು ಸಾಲು ವಿಚಿತ್ರವಾಗಿ ಕಂಡರೂ, ಯಾವುದೋ ಒಂದು ಸರ್ವರ್‌ನ ವಿಚಿತ್ರ ವರ್ತನೆಗಾಗಿ ಯಾರೋ ಅದನ್ನು ಬರೆದಿರುತ್ತಾರೆ. ಮರುರಚನೆ ಮಾಡುವಾಗ ಆ ಸಾಲು ಬಿಟ್ಟುಹೋಗುವ ಸಂಭವ ಇದ್ದೇ ಇದೆ. ಅದಕ್ಕೇ ಪರೀಕ್ಷೆಗಳು ಬೇಕು, ಸಣ್ಣ ಸಣ್ಣ ಹೆಜ್ಜೆ ಬೇಕು, ಯಾವ ಹೆಜ್ಜೆಯಲ್ಲಿ ಕೆಟ್ಟಿತು ಎಂದು ಹಿಂದೆ ಹೋಗಿ ನೋಡುವ ಅನುಕೂಲ ಬೇಕು. ಆದರೆ ದೋಷ ಒಮ್ಮೆ ಸಿಕ್ಕಿ ತಿದ್ದಿದರೆ ಎಲ್ಲರಿಗೂ ಒಮ್ಮೆಗೇ ತಿದ್ದಿದಂತೆ. ಐದು ನಾಲೆಗಳ ಐದು ಸೋರಿಕೆಗಿಂತ, ಎಲ್ಲರೂ ಕಾವಲು ಕಾಯುವ ಒಂದು ನಾಲೆ ಮೇಲು.

ನಮ್ಮ ಲ್ಯಾಬ್‌ಗೆ ಇದರಿಂದ ಏನು?

ಮೊದಲು ನಿಮ್ಮ ಫೈಲಿನ ಸುರಕ್ಷತೆ. ಪೈಥಾನ್‌ನಲ್ಲಿ ರೈಟ್ ಎಂದಾಗ ಅಕ್ಷರಗಳು ಪ್ರೋಗ್ರಾಂನ ಒಳಗಿನ ಬಫರ್‌ಗೆ ಹೋಗುತ್ತವೆ. ಫ್ಲಶ್ ಎಂದಾಗ ಅಲ್ಲಿಂದ ಆಪರೇಟಿಂಗ್ ಸಿಸ್ಟಂನ ಪೇಜ್ ಕ್ಯಾಶ್‌ಗೆ. ಓಎಸ್ ಮಾಡ್ಯೂಲ್‌ನ ಎಫ್‌ಸಿಂಕ್ ಎಂದಾಗ ಮಾತ್ರ 'ಡಿಸ್ಕಿಗೆ ಮುಟ್ಟುವವರೆಗೆ ಕಾಯುತ್ತೇನೆ' ಎಂದಂತೆ. ಫೈಲನ್ನು ಕ್ಲೋಸ್ ಮಾಡದೆ ಬಿಡಬೇಡಿ. ಅದಕ್ಕೆ ವಿತ್ ಹೇಳಿಕೆ ಬಳಸುವುದು ಸುಲಭ. ಕ್ಲೋಸ್ ಕೂಡ ವಿಫಲವಾಗಬಹುದು ಎಂಬುದು ನೆನಪಿರಲಿ. ಮೊದಲು ಕೂಡಿಟ್ಟ ಬರಹ ಸರ್ವರ್‌ಗೆ ಹೋಗುವಾಗ ಆದ ತಪ್ಪು ಹೊರಗೆ ಬರುವುದು ಹೆಚ್ಚಾಗಿ ಎಫ್‌ಸಿಂಕ್ ಅಥವಾ ಕ್ಲೋಸ್ ಹಂತದಲ್ಲಿ. ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಪಾಠವನ್ನು ಫೈಲ್ ಪಾಠದ ಪಕ್ಕದಲ್ಲೇ ಇಟ್ಟಿರುವುದಕ್ಕೆ ಅರ್ಥವಿದೆ. ಪ್ರಾಜೆಕ್ಟ್ ಫೈಲನ್ನು ಸರ್ವರ್‌ನಲ್ಲಿ ಇಟ್ಟ ಮೇಲೆ ಪಕ್ಕದ ಕಂಪ್ಯೂಟರ್‌ನಿಂದ ತೆರೆದು ಗಾತ್ರ ನೋಡಿ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಎರಡನೆಯದು ಮರುರಚನೆಯ ಅಭ್ಯಾಸ. ನಿಮ್ಮ ಪ್ರಾಕ್ಟಿಕಲ್ ರೆಕಾರ್ಡ್ ತೆಗೆದು ನೋಡಿ. ಫೈಲಿನ ಸಾಲು ಎಣಿಸುವುದು, ಪದ ಎಣಿಸುವುದು, ಒಂದು ಅಕ್ಷರ ಎಷ್ಟು ಸಲ ಬಂದಿದೆ ಎಂದು ಹುಡುಕುವುದು. ಇಂಥ ಪ್ರತಿ ಪ್ರೋಗ್ರಾಂನಲ್ಲಿ ಫೈಲ್ ತೆರೆಯುವ, ಫೈಲ್ ಇಲ್ಲದಿದ್ದರೆ ಸಂದೇಶ ಕೊಡುವ, ಓದಿ ಮುಚ್ಚುವ ಐದಾರು ಸಾಲು ಮತ್ತೆ ಮತ್ತೆ ಬರುತ್ತವೆ. ಈ ಕ್ರಮದಲ್ಲಿ ಪ್ರಯತ್ನಿಸಿ:

1. ಮೊದಲು ಒಂದು ಸಣ್ಣ ಫೈಲು, ಒಂದು ಖಾಲಿ ಫೈಲು, ಇಲ್ಲದೇ ಇರುವ ಒಂದು ಫೈಲಿನ ಹೆಸರು, ಈ ಮೂರಕ್ಕೂ ನಿಮ್ಮ ಹಳೆಯ ಪ್ರೋಗ್ರಾಂಗಳು ಕೊಡುವ ಉತ್ತರವನ್ನು ಬರೆದಿಟ್ಟುಕೊಳ್ಳಿ.
2. ಓದುವ ಸಾಲುಗಳನ್ನು ಮಾತ್ರ ಒಂದು ಫಂಕ್ಷನ್ ಮಾಡಿ. ಒಂದು ಪ್ರೋಗ್ರಾಂ ಮಾತ್ರ ಬದಲಿಸಿ. ಮೂರೂ ಉತ್ತರ ಮೊದಲಿನಂತೆಯೇ ಬರುತ್ತವೆಯೇ ನೋಡಿ.
3. ಸರಿಯಿದ್ದರೆ ಎರಡನೆಯ ಪ್ರೋಗ್ರಾಂ, ಆಮೇಲೆ ಮೂರನೆಯದು.
4. ಬರೆಯುವ ಭಾಗವನ್ನು ಕೊನೆಗೆ ಮುಟ್ಟಿ.
5. ಯಾವುದಾದರೂ ಪ್ರೋಗ್ರಾಂ ಆ ಫಂಕ್ಷನ್‌ಗೆ ಹೊಂದದಿದ್ದರೆ ಬಲವಂತ ಮಾಡಬೇಡಿ. ಏಕೆ ಹೊಂದಲಿಲ್ಲ ಎಂದು ಒಂದು ಸಾಲು ಬರೆದಿಡಿ.

ಲಿನಕ್ಸ್ ಕರ್ನಲ್‌ನಲ್ಲಿ ಮೂರು ವರ್ಷ ನಡೆದ ಕೆಲಸದ ಕ್ರಮವೂ ಇದೇ. ಗಾತ್ರ ಮಾತ್ರ ದೊಡ್ಡದು. ಆ ಕೋಡೆಲ್ಲ ಯಾರು ಬೇಕಾದರೂ ಓದಬಹುದಾದ ಮುಕ್ತ ಕೋಡು, ಶುಲ್ಕವಿಲ್ಲ. ಸಿ ಭಾಷೆ ಕಲಿತ ಮೇಲೆ ಅದನ್ನು ತೆರೆದು ನೋಡಲು ನಿಮಗೆ ಯಾರ ಅನುಮತಿಯೂ ಬೇಡ.

ಈ ಅಭ್ಯಾಸ ಮಾಡಿದವರು ಹಳೆಯದು, ಹೊಸದು ಎರಡೂ ಪ್ರೋಗ್ರಾಂ ಜೊತೆಗೆ ಆ ಮೂರು ಉತ್ತರಗಳ ಪಟ್ಟಿಯನ್ನು ಲ್ಯಾಬ್ ಅವಧಿಯಲ್ಲಿ ನನಗೆ ತೋರಿಸಿ. ಪಟ್ಟಿ ಇಲ್ಲದೆ ಪ್ರೋಗ್ರಾಂ ಮಾತ್ರ ತಂದರೆ ನಾನು ನೋಡುವುದಿಲ್ಲ.